ಉಪ್ಪು ಹಚ್ಚಿದ ಸಿಗಾರು

ಬೇಲೆಕೇರಿಯ ದುರ್ಗಪ್ಪ ಹರಿಕಂತ್ರನಿಗೆ ದೇವರು ತಲೆತಲಾಂತರದ ಮೀನುಗಾರರ ಮನೆಯಲ್ಲಿ ಹುಟ್ಟುವ ಭಾಗ್ಯ ಕೊಟ್ಟು, ಅದರ ಜೊತೆಗೇ ದೋಣಿ ಹತ್ತಿದ ಕೂಡಲೇ ತೊಳಸುವ ಹೊಟ್ಟೆಯನ್ನೂ ಕೊಟ್ಟಿದ್ದ. ಹದಿನೆಂಟನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಮೊದಲ ಸಲ ಕಡಲಿಗೆ ಹೋದವನು ಹಿಡಿದದ್ದಕ್ಕಿಂತ ಹೆಚ್ಚು ಕಡಲಿಗೇ ಕೊಟ್ಟು ಬಂದ. ಎರಡನೆಯ ಸಲ ಅಪ್ಪನೇ ಅರ್ಧ ದಾರಿಯಲ್ಲಿ ದೋಣಿ ತಿರುಗಿಸಿ, "ನೀ ದಂಡೆ ಮೇಲೇ ಇರು ಮಾರಾಯಾ, ಮೀನಿಗೂ ಹೇಸಿಗೆ ಆಗ್ತದೆ" ಎಂದು ಇಳಿಸಿದ. ಅಂದಿನಿಂದ ಮೂವತ್ತಾರು ವರ್ಷ ದುರ್ಗಪ್ಪ ದಂಡೆಯ ಮೇಲೇ ಇದ್ದಾನೆ. ಹೆಂಡತಿ ಕಾಶಿ ಬಂಗಡೆಗೆ ಉಪ್ಪು ಹಾಕುತ್ತಾಳೆ, ಇವನು ಚಾಪೆಯ ಮೇಲೆ ಹರವುತ್ತಾನೆ. ಅವಳು ಮಗುಚಿ ಎಂದರೆ ಮಗುಚುತ್ತಾನೆ, ಕಾಗೆ ಬಂದರೆ ಹುಶ್ ಎನ್ನುತ್ತಾನೆ.

ಕಾಶಿಗೆ ಇದ್ದದ್ದು ಒಂದೇ ಶಾಸ್ತ್ರ: "ಹಸಿ ಇದ್ದದ್ದು ಕೊಳೀತದೆ, ಒಣಗಿದ್ದು ಉಳೀತದೆ." ಇದನ್ನು ಅವಳು ಬಂಗಡೆಗೆ ಮಾತ್ರವಲ್ಲ, ಮಾವಿನಕಾಯಿಗೆ, ಹಪ್ಪಳಕ್ಕೆ, ಕಡೆಗೆ ಮಳೆಯಲ್ಲಿ ನೆನೆದ ಮಗಳ ಸರ್ಟಿಫಿಕೇಟಿಗೂ ಅನ್ವಯಿಸಿದ್ದಳು. ಸರ್ಟಿಫಿಕೇಟಿಗೆ ಉಪ್ಪು ಹಾಕಿರಲಿಲ್ಲ, ಅಷ್ಟೇ. ಈ ಶಾಸ್ತ್ರವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ನಡೆದ ಅನಾಹುತಕ್ಕೆಲ್ಲ ಇದೇ ಮೂಲ.

ಇಂಥ ಮನೆಗೆ ಸಿಗಾರು ಬಂದದ್ದು ಹೋದ ವರ್ಷದ ಚೌತಿಗೆ. ಕಾಶಿಯ ಅಣ್ಣನ ಮಗ ರೋಷನ ಹಡಗಿನಲ್ಲಿ ಅಡುಗೆಯವನು. ರಜೆಯಲ್ಲಿ ಬಂದವನು ಅತ್ತೆಗೆ ಸೆಂಟಿನ ಬಾಟ್ಲಿಯನ್ನೂ ಮಾವನಿಗೆ ಒಂದೇ ಒಂದು ಸಿಗಾರನ್ನೂ ಕೊಟ್ಟು, "ಮಾವಾ, ಇದು ದೊಡ್ಡ ಮನ್ಷರು ಸೇದೂದು" ಎಂದ. ದುರ್ಗಪ್ಪ ಜನ್ಮದಲ್ಲಿ ಬೀಡಿಯನ್ನೂ ಸೇದಿದವನಲ್ಲ. ಆದರೆ ಸೇದದವನು ಕಿಸೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಯಾವ ಪುರಾಣದಲ್ಲೂ ಬರೆದಿಲ್ಲವಲ್ಲ! ಅಂಗಿಯ ಕಿಸೆಯಿಂದ ಎರಡು ಬೆರಳಿನಷ್ಟು ಹೊರಗೆ ಕಾಣುವಂತೆ ಅದನ್ನು ಸಿಕ್ಕಿಸಿಕೊಂಡು ಹೊರಟ ದಿನ, ಅಂಕೋಲೆಯ ಬಸ್ಸಿನ ಕಂಡಕ್ಟರು ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಅವನನ್ನು "ನೀವು" ಎಂದು ಕರೆದ. ಮೀನಿನ ಬುಟ್ಟಿಯನ್ನು ಹಿಂದಿನ ಸೀಟಿನ ಕೆಳಗೆ ಇಡಲು ಹೇಳಿದ್ದು ಮಾತ್ರ ಎಂದಿನಂತೆಯೇ.

ಪ್ರತಿ ಭಾನುವಾರ ಅವನು ಕಾರವಾರದ ಕೋಡಿಬಾಗಕ್ಕೆ ಒಣಬಂಗಡೆ ಒಯ್ಯುತ್ತಿದ್ದ. ಅಲ್ಲಿ ಶಾಂತಾರಾಮ ಸಾಹೇಬರ ಮನೆ. ಅವರು ಬಂದರಿನಲ್ಲಿ ಪೈಲಟ್ ಆಗಿದ್ದವರು. ವಿಮಾನದ ಪೈಲಟ್ ಅಲ್ಲ, ಹೊರಗಿನಿಂದ ಬಂದ ಹಡಗನ್ನು ಹತ್ತಿ ದಾರಿ ತೋರಿಸಿ ದಕ್ಕೆಗೆ ತರುವವರು. ಊರಿಗೆಲ್ಲ ಅವರು ಕ್ಯಾಪ್ಟನ್. ಜಗತ್ತಿನ ಹಡಗುಗಳೆಲ್ಲ ಅವರ ಮಾತು ಕೇಳಿದ್ದವು, ಹೆಂಡತಿ ಸುಮಲತಾ ಒಬ್ಬರನ್ನು ಬಿಟ್ಟು. ಹೊಗೆ ಬಿಡುವವರು ಬಾಗಿಲಿನಿಂದ ಇಪ್ಪತ್ತು ಮಾರು ದೂರ ಎಂದು ಆಕೆ ಕಾನೂನು ಮಾಡಿದ್ದರಿಂದ, ಅಂಗಳದ ಕೊನೆಯ ಸುರಹೊನ್ನೆ ಮರದ ಬುಡದಲ್ಲಿ ನೀಲಿ ಬಣ್ಣದ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು ಬಿದ್ದಿದ್ದವು. ಭಾನುವಾರ ಸಂಜೆ ಮೂರು ಕುರ್ಚಿಯಲ್ಲಿ ಮೂವರು ಸಿಗಾರುಪ್ರಿಯರು ಕೂರುತ್ತಿದ್ದರು: ಕ್ಯಾಪ್ಟನ್ನು, ಬ್ಯಾಂಕಿನಿಂದ ನಿವೃತ್ತರಾದ ಕುಮಾರ ಮತ್ತು ಹಲ್ಲಿನ ಡಾಕ್ಟರು ಭಾಸ್ಕರ. ಡಾಕ್ಟರು ವಾರದ ಆರು ದಿನ ರೋಗಿಗಳ ಬಾಯಿ ತೆರೆಸಿ "ತಂಬಾಕು ಬಿಡಿ" ಎಂದು ಗದರಿಸಿ, ಏಳನೆಯ ದಿನ ಇಲ್ಲಿ ಬಂದು ಪ್ರಾಯಶ್ಚಿತ್ತವೆಂಬಂತೆ ತಾವೇ ಸೇದುತ್ತಿದ್ದರು. ಅವರಲ್ಲಿ ಒಂದು ನೇಮವಿತ್ತು. ತನ್ನ ಸಿಗಾರನ್ನು ತಾನೇ ಸೇದಬಾರದು, ಪಕ್ಕದವನಿಗೆ ಕೊಡಬೇಕು. ಪಕ್ಕದವನು ಕೊಟ್ಟದ್ದು ಹೇಗೇ ಇರಲಿ, ಕೆಟ್ಟದ್ದು ಎನ್ನಬಾರದು.

ನಾಲ್ಕನೆಯ ಕುರ್ಚಿ ಖಾಲಿ. ದುರ್ಗಪ್ಪ ಅಲ್ಲಿಯವರೆಗೆ ಆ ಮನೆಯಲ್ಲಿ ಹಿಂಬಾಗಿಲಿನವನು. ಬುಟ್ಟಿ ಇಳಿಸಿ, ನೀರು ಕುಡಿದು, ಬಸ್ಸು ಹಿಡಿಯುವವನು. ಆ ಭಾನುವಾರ ಕ್ಯಾಪ್ಟನ್ನರ ಕಣ್ಣು ಅವನ ಕಿಸೆಯ ಮೇಲೆ ಬಿತ್ತು.

"ಹೋಯ್ ದುರ್ಗಪ್ಪಾ, ಕಿಸೇಲಿ ಎಂತದು?"

"ಸಿಗಾರು ಸಾಹೇಬ್ರೆ."

ಮೂವರೂ ತಿರುಗಿ ನೋಡಿದರು. ಕಸ್ಟಮ್ಸಿನವರು ಪೆಟ್ಟಿಗೆ ನೋಡುವಂಥ ನೋಟ ಅದು.

"ಅರೇ ದೇವಾ! ನಮ್ಮವ್ರೇ ಅಂದಾಯ್ತು. ಬನ್ನಿ, ಕೂತ್ಕಳಿ. ಬೆಂಕಿ ಕೊಡ್ಲಾ?" ಎಂದರು ಕ್ಯಾಪ್ಟನ್ನು.

ದುರ್ಗಪ್ಪ ಕುರ್ಚಿಯ ತುದಿಯಲ್ಲಿ ಕೂತ. ಡಾಕ್ಟರ ಪಕ್ಕದಲ್ಲಿ, ಕ್ಯಾಪ್ಟನ್ನರ ಎದುರಿಗೆ, ಸರಿಸಮ ಎತ್ತರದಲ್ಲಿ. ನಿಜ ಹೇಳಿದರೆ ಏಳಬೇಕಾಗುತ್ತದೆ ಎಂದು ಅವನಿಗೆ ಅನಿಸಿತು. ಏಳುವ ಮನಸ್ಸು ಬರಲಿಲ್ಲ. "ಬ್ಯಾಡ ಸಾಹೇಬ್ರೆ, ಇನ್ನೂ ಟೈಮ್ ಆಗಿಲ್ಲ" ಎಂದುಬಿಟ್ಟ.

ಡಾಕ್ಟರು, "ಕೇಳಿದ್ರಾ ಕುಮಾರ್? ನಾವು ತಂದ ದಿನವೇ ಸುಟ್ಟು ಬೂದಿ ಮಾಡ್ತೇವೆ. ಎಲೆ ಹಣ್ಣಾಗ್ಲಿ ಅಂದೇಳಿ ಕಾಯೂದು ಎಷ್ಟ್ ಜನಕ್ಕೆ ಬರ್ತದೆ?" ಎಂದರು. ಕುಮಾರರಿಗೆ ಯಾಕೋ ಕೆಮ್ಮು ಬಂತು. ಹೊಗಳಿಕೆಯಿಂದ ಉಬ್ಬಿದ ದುರ್ಗಪ್ಪ, "ಬರೇ ಹೀಂಗೆ ಹಿಡ್ಕಂಡ್ರೂ ಒಂದ್ ರುಚಿ ಬರ್ತದೆ" ಎಂದು ಸಿಗಾರನ್ನು ಮೇಲಿನ ಹೊಳೆಯುವ ಕವರಿನ ಸಮೇತ ಬಾಯಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಮೂವರೂ ಒಮ್ಮೆಲೇ ಕಾಳಿ ನದಿಯ ಕಡೆ ತಿರುಗಿ ಅಲ್ಲಿ ಏನೋ ವಿಶೇಷ ಕಂಡವರಂತೆ ನೋಡತೊಡಗಿದರು.

ಹೀಗೆ ನಾಲ್ಕನೆಯ ಕುರ್ಚಿ ದುರ್ಗಪ್ಪನದಾಯಿತು. ಒಂಬತ್ತು ತಿಂಗಳು ಅದೇ ಸಿಗಾರು, ಅದೇ ಕಿಸೆ, ಅದೇ ಉತ್ತರ. ಯಾರಾದರೂ ತಮ್ಮದನ್ನು ಕೊಡಲು ಬಂದರೆ, "ಮೊದ್ಲು ನಂದು ಮುಗೀಲಿ" ಎನ್ನುತ್ತಿದ್ದ. ಅವನ ಮಗಳ ಮದುವೆ ಮಾತುಕತೆಗೆ ಕುಮಾರರು ಬಂದು ಕೂತರು. ಅವನ ದವಡೆ ಬಾತಾಗ ಡಾಕ್ಟರು ಊಟ ಬಿಟ್ಟು ಬಂದು ಹಲ್ಲು ಕಿತ್ತರು. ಐವತ್ತನಾಲ್ಕು ವರ್ಷ ದಂಡೆಯಲ್ಲಿ ಉಳಿದ ಮನುಷ್ಯನಿಗೆ ಒಂದು ದೋಣಿಯಲ್ಲಿ ಜಾಗ ಸಿಕ್ಕಿತ್ತು, ಅದೂ ಹೊಟ್ಟೆ ತೊಳಸದ ದೋಣಿ.

ಜೂನ್ ತಿಂಗಳಲ್ಲಿ ಕ್ಯಾಪ್ಟನ್ನರ ಎದೆ ಕೈಕೊಟ್ಟಿತು. ಮೂರು ರಕ್ತನಾಳ ಕಟ್ಟಿದೆ, ಮಂಗಳೂರಿಗೆ ಹೋಗಿ ಆಪರೇಶನ್ ಆಗಬೇಕು ಎಂದರು. ಇನ್ನು ಮುಂದೆ ಸಿಗಾರು ಬಂದ್, ಉಪ್ಪು ಬಂದ್, ಒಣಮೀನು ಬಂದ್. ಹೊರಡುವ ಹಿಂದಿನ ಸಂಜೆ ಅವರು ಮರದ ಬುಡಕ್ಕೆ ಒಂದು ಮರದ ಪೆಟ್ಟಿಗೆ ತಂದರು.

ಆ ಪೆಟ್ಟಿಗೆಯ ಕಥೆ ಮೂವರಿಗೂ ಗೊತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಬಿರುಗಾಳಿಯಲ್ಲಿ ಎಂಜಿನ್ ಕೆಟ್ಟು ಒದ್ದಾಡುತ್ತಿದ್ದ ಪರದೇಶದ ಹಡಗೊಂದನ್ನು ಅವರು ಒಳಗೆ ತಂದಾಗ ಅದರ ಕಪ್ತಾನ ಅಳುತ್ತಾ ಕೊಟ್ಟದ್ದು. ಮಗಳು ವಿನುತಾ ಹುಟ್ಟಿದಾಗ ಒಂದು, ಮನೆ ಕಟ್ಟಿದಾಗ ಒಂದು, ಹೀಗೆ ದೊಡ್ಡ ದಿನಗಳಲ್ಲಿ ಖರ್ಚಾಗಿ ಈಗ ನಾಲ್ಕು ಉಳಿದಿದ್ದವು.

"ಸುಮಲತಾ ನಾ ಬರೂದ್ರೊಳಗೆ ಇದನ್ನ ಕಾಳಿಗೆ ಒಗೀತಾಳೆ" ಎಂದರು ಕ್ಯಾಪ್ಟನ್ನು. "ನಾ ಮತ್ತೆ ಸೇದೂದಿಲ್ಲ, ಅದು ಮುಗೀತು. ಆದ್ರೆ ಬದುಕಿ ಬಂದ್ರೆ ಒಂದ್ ಆಸೆ ಅದೆ. ಇದೇ ಜಾಗದಲ್ಲಿ ಕೂತು, ನೀವು ಇದನ್ನ ಸೇದೂದು ನೋಡ್ಬೇಕು. ಒಂದು ನಾ ಕೈಲಿ ಹಿಡ್ಕಂಡಿರ್ತೆ. ಅಷ್ಟೇ."

ಭಾಸ್ಕರ, ಕುಮಾರ ಇಬ್ಬರೂ ಪೆಟ್ಟಿಗೆಗೆ ಕೈ ಚಾಚಿದರು. ಕ್ಯಾಪ್ಟನ್ನು ಇಬ್ಬರ ಕೈಯನ್ನೂ ದಾಟಿಸಿ ಅದನ್ನು ದುರ್ಗಪ್ಪನ ತೊಡೆಯ ಮೇಲೆ ಇಟ್ಟರು.

"ಹೆಂಗೆ ಇಡೂದು ಅಂದೇಳಿ ನಿಮ್ಗೆ ನಾ ಹೇಳೂದು ಬ್ಯಾಡ."

"ಜೀವಕ್ಕಿಂತ ಹೆಚ್ಚು ನೋಡ್ಕಳ್ತೆ ಸಾಹೇಬ್ರೆ" ಎಂದ ದುರ್ಗಪ್ಪ. ಹಟ್ಟಿಕೇರಿ ದಾಟುವವರೆಗೂ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡೇ ಇದ್ದ.

ಮನೆಗೆ ಬಂದು ಮುಚ್ಚಳ ತೆಗೆದರೆ ಒಳಗೆ ನಾಲ್ಕು ಸಿಗಾರಿನ ಪಕ್ಕದಲ್ಲಿ ಒಂದು ಸ್ಪಂಜಿನ ತುಂಡು. ಒದ್ದೆ! ಹೊರಗೆ ಮಳೆ ಹೊಯ್ಯುತ್ತಿರುವ ಕಾಲದಲ್ಲಿ, ಪೆಟ್ಟಿಗೆಯೊಳಗೆ ಒದ್ದೆ ಸ್ಪಂಜು!

ಕಾಶಿ ಒಂದು ಸಿಗಾರನ್ನು ಹಿಸುಕಿ ನೋಡಿದಳು. "ಮುಟ್ಟಿ ಕಾಣಿ, ಮೆತ್ತಗಾಗದೆ. ಪಾಪ, ಎದೆ ನೋವಲ್ಲಿ ಮನ್ಷಂಗೆ ಹೋಶ್ ಎಲ್ಲಿರ್ತದೆ? ಪಾತ್ರೆ ತಿಕ್ಕೂ ಸ್ಪಂಜು ಒಳಗೇ ಬಿಟ್ಟು ಮುಚ್ಚಿದ್ರು. ಇನ್ನೆರಡು ದಿನ ಆಗಿದ್ರೆ ಹುಳ ಬೀಳ್ತಿತ್ತು."

"ಈಗೆಂತಾ ಮಾಡೂದೇ?"

"ಎಂತಾ ಮಾಡೂದು ಅಂದ್ರೆ? ಒಣಗ್ಸೂದು."

ಅವಳು ಮಾಡಿದ ಆರೈಕೆಯಲ್ಲಿ ಒಂದು ಚೂರೂ ಕೊರತೆ ಇರಲಿಲ್ಲ ಎಂದು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಹರಳುಪ್ಪು ಒರಟಾದೀತೆಂದು ಅದನ್ನು ನುಣ್ಣಗೆ ಕುಟ್ಟಿದಳು. ಬಂಗಡೆಗೆ ಹಾಕದ ಅರಿಶಿನವನ್ನು, ದುಬಾರಿಯ ಇಸವಣ ಮೀನಿಗೆ ಮಾತ್ರ ಹಾಕುವ ಅರಿಶಿನವನ್ನು, ಒಂದು ಚಿಟಿಕೆ ಸೇರಿಸಿದಳು. ಮಗುವಿಗೆ ಎಣ್ಣೆ ಹಚ್ಚುವ ಹಾಗೆ ನಾಲ್ಕಕ್ಕೂ ಸವರಿದಳು. ಮರುದಿನ ಮಳೆ ಬಿಟ್ಟು ಬಿಸಿಲು ಬಂದಾಗ ಬಂಗಡೆಯ ಚಾಪೆಯ ಮೇಲೇ, ನಡುವೆ, ಒಳ್ಳೆಯ ಜಾಗದಲ್ಲಿ ಮಲಗಿಸಿದಳು. ಮೋಡ ಕವಿದಾಗ ಒಲೆಯ ಮೇಲಿನ ಅಟ್ಟದಲ್ಲಿ ತಾರ್ಲೆ ಮೀನಿನ ಪಕ್ಕ ಹೊಗೆಗೆ ಇಟ್ಟಳು. ದುರ್ಗಪ್ಪ ಇಡೀ ದಿನ ಕೋಲು ಹಿಡಿದು ಕಾದ. ಕಣ್ಣು ತಪ್ಪಿಸಿ ಬಂದ ಕಾಗೆಯೊಂದು ಒಂದನ್ನು ಕುಕ್ಕಿ, ಕೊಕ್ಕನ್ನು ಬೇಲಿಗೆ ಒರೆಸಿಕೊಂಡು ಹೋಯಿತು. ಕಾಗೆಗೇನು ಗೊತ್ತು ದೊಡ್ಡ ಮನುಷ್ಯರ ರುಚಿ ಎಂದುಕೊಂಡ.

ಅದು ಮಳೆಗಾಲದ ಮೀನುಗಾರಿಕೆ ನಿಷೇಧದ ಸಮಯ. ಬೋಟುಗಳೆಲ್ಲ ದಡದಲ್ಲಿ, ಗಂಡಸರೆಲ್ಲ ಜಗುಲಿಯಲ್ಲಿ. ಕೈಗೆ ಕೆಲಸವಿಲ್ಲದ ಊರಿನಲ್ಲಿ ಬಾಯಿಗೆ ರಜೆ ಇರುವುದಿಲ್ಲ. ಪಕ್ಕದ ಮನೆಯ ಗಂಗಿ ಬೇಲಿಯ ಮೇಲಿಂದ ಕತ್ತು ಚಾಚಿದಳು.

"ಇದ್ಯಾವ ಮೀನೇ ಕಾಶಿ? ತಲೆನೂ ಇಲ್ಲ, ಬಾಲನೂ ಇಲ್ಲ."

"ಹೊರದೇಶದ್ದು. ದೊಡ್ಡವ್ರ ಸೊತ್ತು. ಕೇಳ್ಬೇಡ."

ಕೇಳಬೇಡ ಎಂಬುದಕ್ಕಿಂತ ದೊಡ್ಡ ಸುದ್ದಿ ಇದೆಯೇ? ಮಧ್ಯಾಹ್ನದೊಳಗೆ ನಾಲ್ಕಿದ್ದದ್ದು ನಲವತ್ತಾಯಿತು. ಸಂಜೆ ಭಾವಿಕೇರಿ ತಲುಪುವಾಗ ಎರಡು ಚೀಲವಾಗಿತ್ತು. ಮರುದಿನ ಯಾರೋ ತಿಳಿದವರು ಅದಕ್ಕೆ ಹೆಸರನ್ನೂ ಇಟ್ಟರು: ಸಮುದ್ರ ಸೌತೆ! ಸಮುದ್ರ ಸೌತೆ ಎಂದರೆ ಕಡಲ ತಳದಲ್ಲಿ ತೆವಳುವ, ಸೌತೆಕಾಯಿಯಂತಿರುವ ಜೀವಿ. ಒಣಗಿಸಿದರೆ ಕಂದು ಬಣ್ಣದ ಸುರುಳಿಯಂತೆ ಕಾಣುತ್ತದೆ, ಹಿಡಿದರೆ ಕಾನೂನು ಹುಲಿ ಕೊಂದವನನ್ನು ಹಿಡಿಯುವ ಹಾಗೆ ಹಿಡಿಯುತ್ತದೆ.

ಮೂರನೆಯ ದಿನ ಅರಣ್ಯ ಇಲಾಖೆಯ ಗಾರ್ಡು ಸಾಯಿನಾಥ ಬೈಕಿನಲ್ಲಿ ಬಂದಿಳಿದ. ಹಿಂದೆ ಅರ್ಧ ಬೇಲೆಕೇರಿ ನಡೆದು ಬಂತು.

ಸಾಯಿನಾಥ ಚಾಪೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದನ್ನು ಮೂಸಿದ. "ಮೀನಿನ ವಾಸನೆ ಬರ್ತದೆ."

"ಮೀನಿನ ಪಕ್ಕ ಮಲಗಿದ್ರೆ ಯಾರಿಗಾದ್ರೂ ಬರ್ತದೆ ಸಾಹೇಬ್ರೆ" ಎಂದಳು ಕಾಶಿ. "ನಂಗೂ ಬರ್ತದೆ."

"ಹಾಗಾರೆ ಇದೆಂತದು?"

"ಸಿಗಾರು" ಎಂದ ದುರ್ಗಪ್ಪ.

"ಸಿಗಾರಿಗೆ ಯಾರಾದ್ರೂ ಉಪ್ಪು ಹಾಕ್ತಾರಾ?"

"ಹಾಕ್ದೇ ಇದ್ರೆ ಹಾಳಾಗ್ತದಲ್ಲ?"

ಗಾರ್ಡು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಅವನ ತರಬೇತಿಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. "ಒಂದ್ಕೆ ಬೆಂಕಿ ಕೊಡಿ. ತಂಬಾಕಾದ್ರೆ ಹೊಗೆ ಹೇಳ್ತದೆ" ಎಂದ. ದುರ್ಗಪ್ಪ ಕಿಸೆಯಿಂದ ತನ್ನ ಒಂಬತ್ತು ತಿಂಗಳ ಸಿಗಾರನ್ನು ತೆಗೆದು, "ಇದನ್ನ ಸುಡಿ ಸಾಹೇಬ್ರೆ, ಅದನ್ನ ಬಿಡಿ, ಅದು ಒಬ್ರ ಜೀವ" ಎಂದು ಕೈಮುಗಿದ. "ಕಿಸೇದು ಸಿಗಾರು ಅಂದೇಳಿ ನಂಗೂ ಕಾಣ್ತದೆ. ಸಂಶಯ ಇದ್ದದ್ದು ಚಾಪೆ ಮೇಲಿನದ್ರ ಮೇಲೆ" ಎಂದ ಗಾರ್ಡು.

ಹೀಗೆ ದುರ್ಗಪ್ಪ ಜೀವಮಾನದ ಮೊದಲ ದಮ್ಮನ್ನು ಸರಕಾರದ ಆಜ್ಞೆಯ ಮೇಲೆ ಸೇದಿದ. ಉಪ್ಪು ಹಚ್ಚಿದ ಸಿಗಾರು ಚಟಪಟ ಎಂದಿತು. ಅವನು ಮೂರು ದಮ್ಮಿಗೆ ಮೂವತ್ತು ಸಲ ಕೆಮ್ಮಿದ. ಕಣ್ಣು, ಮೂಗು, ಬಾಯಿ ಮೂರರಲ್ಲೂ ನೀರು ಬಂತು. ಜನ ದೋಣಿ ಪಂದ್ಯ ನೋಡುವ ಹಾಗೆ ನೋಡಿದರು. ಗಾರ್ಡು ಹೊಗೆಯನ್ನು ಆಘ್ರಾಣಿಸಿ, ಪುಸ್ತಕದಲ್ಲಿ 'ಜೀವಿಯಲ್ಲ' ಎಂದು ಬರೆದುಕೊಂಡ. ಆಮೇಲೆ ಜನರನ್ನು ಕಳಿಸಿ, ಮೆಲ್ಲಗೆ ಕೇಳಿದ:

"ಇದ್ನ ಒಣಗ್ಸೂಕೆ ಯಾರು ಹೇಳಿದ್ರು ಮಾರಾಯ್ರೆ? ನಮ್ಮಜ್ಜ ಹಿಲ್ಲೂರಲ್ಲಿ ತಂಬಾಕಿನ ಚುಟ್ಟಾ ಸುತ್ತುತಿದ್ದ. ಎಲೆಗೆ ಪಸೆ ಹೋದ್ರೆ ಜೀವ ಹೋದ ಹಾಗೆ ಅಂತಿದ್ದ. ಪೆಟ್ಗೇಲಿ ಎಂತಾದ್ರೂ ಒದ್ದೆ ಇಟ್ಟಿರ್ಲಿಲ್ವಾ?"

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸ್ಪಂಜಿನಲ್ಲಿ ಕಾಶಿ ಮೂರು ದಿನದಿಂದ ಪಾತ್ರೆ ತಿಕ್ಕುತ್ತಿದ್ದಳು.

ಸಾಯಿನಾಥನೇ ಅಜ್ಜನ ಉಪಾಯ ಹೇಳಿಕೊಟ್ಟು ಹೋದ: ಹಸಿ ಬಾಳೆದಿಂಡಿನ ಮೇಲೆ ಇಟ್ಟು ಮುಚ್ಚಿದರೆ ಎಲೆ ಪಸೆ ಹೀರುತ್ತದೆ. ಉಳಿದ ಮೂರನ್ನು ಹಾಗೆಯೇ ಇಟ್ಟರು. ದಿನಾ ದಿಂಡು ಬದಲಿಸಿದರು. ಮೆತ್ತಗಾಯಿತು ನಿಜ, ಆದರೆ ಉಪ್ಪು ಬಿಡಲಿಲ್ಲ, ಬಂಗಡೆಯೂ ಬಿಡಲಿಲ್ಲ. ಕಾಶಿ ಎರಡು ದಿನ ಉಪ್ಪಿನ ಡಬ್ಬಿಗೆ ಕೈ ಹಾಕಲಿಲ್ಲ. ಒಣಗಿಸುವುದು ಕೂಡ ತಪ್ಪಾಗಬಹುದು ಎಂದು ಅವಳಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ತಿಳಿದಿತ್ತು, ಅದನ್ನು ನುಂಗಿಕೊಳ್ಳುವುದು ಸುಲಭವಿರಲಿಲ್ಲ. ದುರ್ಗಪ್ಪ ಮೂರರ ಪಕ್ಕದಲ್ಲಿ ಖಾಲಿ ಜಾಗ ನೋಡಿ ನೋಡಿ, ಕಡೆಗೆ ಕಿಸೆಯಿಂದ ತನ್ನದನ್ನು ತೆಗೆದು ಅಲ್ಲಿಟ್ಟ. ಲೆಕ್ಕ ನಾಲ್ಕಾಯಿತು. ಕಿಸೆ ಬೋಳಾಯಿತು.

ಇಪ್ಪತ್ತಾರನೆಯ ದಿನ ಕರೆ ಬಂತು. ಕ್ಯಾಪ್ಟನ್ನು ಬದುಕಿ ಮನೆಗೆ ಬಂದಿದ್ದಾರೆ, ಭಾನುವಾರ ಪೆಟ್ಟಿಗೆ ತರಬೇಕು.

ಬಸ್ಸಿನಲ್ಲಿ ದುರ್ಗಪ್ಪ ಕಿಟಕಿಗೆ ಮುಖ ಮಾಡಿ ಮಾತು ಕಟ್ಟುತ್ತಿದ್ದ. "ಸಾಹೇಬ್ರೆ, ನಾ ಯಾವತ್ತೂ ಸೇದೂ ಮನ್ಷ ಅಲ್ಲ..."

"ಅಷ್ಟೇ ಹೇಳಿ ಸಾಕು" ಎಂದಳು ಪಕ್ಕದಲ್ಲಿ ಕೂತಿದ್ದ ಕಾಶಿ. "ಉಪ್ಪಿನ ವಿಷ್ಯ ನಾ ಹೇಳ್ತೆ."

"ಕುರ್ಚಿ ಹೋಯ್ತದೆ ಕಾಶಿ."

"ಹೋಗ್ಲಿ. ಮನೇಲಿ ಮಣೆ ಅದೆ."

ಸುರಹೊನ್ನೆಯ ಬು‍ಡದಲ್ಲಿ ಕ್ಯಾಪ್ಟನ್ನು ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಂಗಿ ಬೇರೆಯವರದೆಂಬಂತೆ ಜೋಲುತ್ತಿತ್ತು. ಸುಮಲತಾಬಾಯಿ ಗಾಳಿ ಯಾವ ಕಡೆಯದೆಂದು ಬೆರಳು ಒದ್ದೆ ಮಾಡಿ ನೋಡಿ, ಗಂಡನ ಕುರ್ಚಿಯನ್ನು ಹನ್ನೆರಡು ಹೆಜ್ಜೆ ಮೇಲ್ಗಾಳಿಗೆ ಇಟ್ಟು, "ಅರ್ಧ ತಾಸು. ನಿಮ್ಮ ಸಿಗಾರಿಗಲ್ಲ, ಅವ್ರ ಆಸೆಗೆ" ಎಂದು ಕಾಶಿಯನ್ನು ಕರೆದುಕೊಂಡು ಮೆಟ್ಟಿಲ ಮೇಲೆ ಕೂತರು.

"ಸಾಹೇಬ್ರೆ, ನಾ..." ಎಂದು ದುರ್ಗಪ್ಪ ಶುರುಮಾಡುವಷ್ಟರಲ್ಲಿ ಕ್ಯಾಪ್ಟನ್ನು ಮುಚ್ಚಳ ತೆಗೆದಿದ್ದರು.

ಬಂಗಡೆಯ ವಾಸನೆ ಎದ್ದು ಬಂದು ನಾಲ್ವರ ನಡುವೆ ನಿಂತಿತು. ಕ್ಯಾಪ್ಟನ್ನು ನೋಡಿದರು: ಮೂರು ಬತ್ತಲೆ, ಹಳದಿ ಛಾಯೆ, ಒಂದಕ್ಕೆ ಕಾಗೆ ಕುಕ್ಕಿದ ಗುರುತು. ನಾಲ್ಕನೆಯದು ಹೊಳೆಯುವ ಕವರಿನಲ್ಲಿ. ಅದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ದುರ್ಗಪ್ಪನ ಬೋಳು ಕಿಸೆಯನ್ನು ನೋಡಿದರು. ಬತ್ತಲೆಯ ಮೂರನ್ನು ಮೂವರಿಗೆ ಕೊಟ್ಟು, ಕವರಿನದ್ದನ್ನು ತಾವು ಹಿಡಿದು ತಮ್ಮ ಕುರ್ಚಿಗೆ ಹೋದರು.

ಕೊಟ್ಟದ್ದನ್ನು ಕೆಟ್ಟದ್ದು ಎನ್ನಬಾರದು, ಅದು ನೇಮ. ಡಾಕ್ಟರು ಬೆಂಕಿ ಹಚ್ಚಿದರು. ಚಟಪಟ, ಚಟಪಟ. ಒಂದು ದಮ್ಮು ಎಳೆದು, ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೆನ್ನೆಯಲ್ಲಿ ಇಟ್ಟುಕೊಂಡು, "ಇದ್ರಲ್ಲಿ... ಇದ್ರಲ್ಲಿ ಒಂದು ಕಡಲು ಅದೆ" ಎಂದರು.

"ಮೂವತ್ತು ವರ್ಷದಿಂದ ಸೇದ್ತಾ ಇದ್ದೆ" ಎಂದರು ಕುಮಾರ, ಕಣ್ಣೀರು ಒರೆಸಿಕೊಳ್ಳುತ್ತ. "ಇಂಥಾದ್ದು... ಒಂದಿನಾನೂ..." ಇನ್ನೊಂದು ದಮ್ಮು ಎಳೆದರು, ಗೆಳೆತನಕ್ಕೆ.

ಆಗ ಬೇಲಿ ಹಾರಿ ಒಂದು ಬೆಕ್ಕು ಬಂತು. ಅದರ ಹಿಂದೆ ಇನ್ನೊಂದು. ನೋಡುನೋಡುತ್ತಿದ್ದಂತೆ ಕೋಡಿಬಾಗದ ಐದು ಬೆಕ್ಕುಗಳು ಸಾಲಾಗಿ ಕೂತು, ಬಾಲ ಸುತ್ತಿಕೊಂಡು, ಕುಮಾರರ ಬಾಯನ್ನೇ ಭಕ್ತಿಯಿಂದ ನೋಡತೊಡಗಿದವು. ಕುಮಾರರು ಹೊಗೆ ಬಿಟ್ಟಾಗಲೆಲ್ಲ ಐದೂ ಒಟ್ಟಿಗೆ ಮಿಯಾಂವ್ ಎಂದವು.

ದುರ್ಗಪ್ಪನಿಗೆ ತಡೆಯಲಾಗಲಿಲ್ಲ. ಸಿಗಾರನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತು ಅತ್ತ. "ಸಾಕು ಸಾಹೇಬ್ರೆ, ಸೇದ್ಬೇಡಿ! ನಾ ಸೇದೂ ಮನ್ಷನೇ ಅಲ್ಲ. ಒಂಬತ್ತು ತಿಂಗಳು ಸುಳ್ಳು ಹೇಳ್ದೆ. ಕುರ್ಚಿ ಆಸೆಗೆ ಹೇಳ್ದೆ. ನಿಮ್ಮ ಜೀವದ ಸೊತ್ತು ಹಾಳ್ ಮಾಡ್ದೆ."

"ತಪ್ಪು ನಂದು" ಎಂದು ಕಾಶಿ ಮೆಟ್ಟಿಲಿಂದ ಇಳಿದು ಬಂದಳು. "ಉಪ್ಪು ಹಾಕ್ದವಳು ನಾನು. ಅರಿಶಿನನೂ ನಾನೇ ಹಾಕ್ದೆ."

"ಅರಿಶಿನನೂ?" ಎಂದು ಡಾಕ್ಟರು ನಾಲಿಗೆ ಹೊರಹಾಕಿ ಬೆರಳಿನಿಂದ ಮುಟ್ಟಿ ನೋಡಿಕೊಂಡರು.

ಹನ್ನೆರಡು ಹೆಜ್ಜೆ ಆಚೆಯಿಂದ ವಿಚಿತ್ರ ಸದ್ದು ಬಂತು. ಕ್ಯಾಪ್ಟನ್ನು ಎದೆಯ ಹೊಲಿಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಗುತ್ತಿದ್ದರು. "ನಗ್ಸಬೇಡ್ರೋ, ಬಿಚ್ಚಿ ಹೋಗ್ತದೆ! ದುರ್ಗಪ್ಪಾ, ಕೂತ್ಕಳಿ. ನೀವು ಸೇದೂದಿಲ್ಲ ಅಂದೇಳಿ ಮೊದಲ ದಿನವೇ ಗೊತ್ತದೆ."

"ಹೆಂಗೆ?"

"ಪ್ಲಾಸ್ಟಿಕ್ ಕವರ್ ಸಮೇತ ಬಾಯಿಗೆ ಇಟ್ಟು ರುಚಿ ಬರ್ತದೆ ಅಂದ್ರಲ್ಲ ಮಾರಾಯ್ರೆ!"

ದುರ್ಗಪ್ಪ ಮೂವರನ್ನೂ ನೋಡಿದ. ಡಾಕ್ಟರು ತಲೆ ತಗ್ಗಿಸಿದರು. ಕುಮಾರರಿಗೆ ಹಳೆಯ ಕೆಮ್ಮು ಮತ್ತೆ ಬಂತು.

"ಗೊತ್ತಿದ್ದೂ ನಂಗೆ ಎಂತಕೆ ಕೊಟ್ರಿ ಪೆಟ್ಗೆ?"

"ಸೇದೂ ಮನ್ಷರ ಕೈಲಿ ಕೊಟ್ರೆ ಉಳೀತಿತ್ತಾ?" ಎಂದರು ಕ್ಯಾಪ್ಟನ್ನು. ಡಾಕ್ಟರು, ಕುಮಾರರು ಇಬ್ಬರೂ ಬಾಗಿ ಬೆಕ್ಕುಗಳ ಆರೋಗ್ಯ ವಿಚಾರಿಸತೊಡಗಿದರು.

"ಹೆಂಗೆ ಇಡೂದು ಅಂದೇಳಿ ಒಂದ್ ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ, ನಮ್ಗೆ ಗೊತ್ತದೆ ಅಂದೇಳಿ ನಿಮ್ಗೆ ಗೊತ್ತಾಗ್ತಿತ್ತಲ್ಲ. ಆಮೇಲೆ ನೀವು ಬರ್ತಿರ್ಲಿಲ್ಲ."

ಅಷ್ಟರಲ್ಲಿ ಗಾಳಿ ಒಮ್ಮೆ ತಿರುಗಿತು. ಹೊಗೆಯ ಒಂದು ಎಳೆ ಹನ್ನೆರಡು ಹೆಜ್ಜೆ ದಾಟಿ ಕ್ಯಾಪ್ಟನ್ನರ ಮೂಗಿಗೆ ಬಂತು. ಸುಮಲತಾಬಾಯಿ ಓಡಿ ಬರುವುದರೊಳಗೆ ಅವರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಾಗಿತ್ತು.

"ಸುಮಲತಾ, ದೊಡ್ಡಾಸ್ಪತ್ರೆಯವ್ರು ಮೂರು ಬಿಡಿ ಅಂದ್ರಲ್ಲ, ಸಿಗಾರು, ಉಪ್ಪು, ಬಂಗಡೆ. ಮೂರೂ ಒಂದೇ ಉಸಿರಲ್ಲಿ ಸಿಕ್ತು ನೋಡು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಇಪ್ಪತ್ತು ಮಾರಿನ ಕಾನೂನು ಮಾಡಿದ ಸುಮಲತಾಬಾಯಿ ಗದರಿಸಲು ಬಾಯಿ ತೆರೆದು, ಸೆರಗಿನಿಂದ ಗಂಡನ ಮುಖದ ಮುಂದಿನ ಹೊಗೆ ಬೀಸಿ ಓಡಿಸಿ, ಕುರ್ಚಿಯನ್ನು ಇನ್ನೂ ಮೂರು ಹೆಜ್ಜೆ ಹಿಂದೆ ಎಳೆದರು.

ಕ್ಯಾಪ್ಟನ್ನು ಕವರಿನ ಸಿಗಾರನ್ನು ಬೆರಳಲ್ಲಿ ಹೊರಳಿಸುತ್ತಿದ್ದರು. ಈಗ ಅವರು ನಗುತ್ತಿರಲಿಲ್ಲ.

"ಇದು ನಿಮ್ದೇ ಅಲ್ದಾ? ಒಂಬತ್ತು ತಿಂಗಳು ಕಿಸೇಲಿ ಇಟ್ಕಂಡು, ನಮ್ಮ ಹೊಗೆ ನಡುವೆ ಕೂತು, ಸೇದ್ದೇ ಇದ್ರಲ್ಲ, ಹೆಂಗೆ ಇದ್ರಿ? ನಂಗೆ ಅದನ್ನ ಕಲಿಸ್ಬೇಕು ದುರ್ಗಪ್ಪಾ. ಆಸ್ಪತ್ರೇಲಿ ಮಲಗಿ ಅದೇ ಯೋಚ್ನೆ. ಸೇದದ ಮೇಲೆ ಈ ಮರದ ಬುಡದಲ್ಲಿ ನಂಗೆ ಎಂತಾ ಕೆಲ್ಸ ಅಂದೇಳಿ."

ದುರ್ಗಪ್ಪ ಮೂಗು ಒರೆಸಿಕೊಂಡು, ಹದಿನೈದು ಹೆಜ್ಜೆ ನಡೆದು ಹೋದ. ಆ ವಿಷಯದಲ್ಲಿ ಮಾತ್ರ ಕಾರವಾರ, ಅಂಕೋಲೆ ಎರಡೂ ತಾಲೂಕಿನಲ್ಲಿ ಅವನಿಗಿಂತ ತಿಳಿದವರಿಲ್ಲ ಎಂಬುದು ಅವನಿಗೇ ಆಗ ಹೊಳೆಯಿತು.

"ಮೊದ್ಲು ಕವರು ತೆಗೀಬೇಡಿ" ಎಂದ. ಸಿಗಾರನ್ನು ಕ್ಯಾಪ್ಟನ್ನರ ಜೋಲುವ ಅಂಗಿಯ ಕಿಸೆಗೆ ಸಿಕ್ಕಿಸಿ, ಎರಡು ಬೆರಳಿನಷ್ಟು ಹೊರಗೆ ಕಾಣುವಂತೆ ಸರಿಮಾಡಿದ. "ಇಷ್ಟು ಕಾಣ್ಬೇಕು. ಕೂತ್ಕಳುವಾಗ ಬೆನ್ನು ನೆಟ್ಟಗೆ. ಯಾರಾದ್ರೂ ಬೆಂಕಿ ಕೊಡ್ಲಾ ಅಂದ್ರೆ ಎಂತಾ ಹೇಳೂದು ನಿಮ್ಗೆ ಗೊತ್ತದೆ."

ಈಗ ಭಾನುವಾರ ಕೋಡಿಬಾಗದಲ್ಲಿ ಆ ದಾರಿಯಾಗಿ ಹೋದರೆ ನಾಲ್ಕು ನೀಲಿ ಕುರ್ಚಿಗಳೂ ತುಂಬಿರುವುದು ಕಾಣುತ್ತದೆ. ಬೆಕ್ಕುಗಳು ಇನ್ನೂ ಆಸೆ ಬಿಟ್ಟಿಲ್ಲ. ದುರ್ಗಪ್ಪನ ಕಿಸೆಯಲ್ಲಿ ಏನೂ ಇರುವುದಿಲ್ಲ, ಆದರೂ ಯಾರೂ ಅವನನ್ನು ಏಳು ಎಂದಿಲ್ಲ. ಮೊನ್ನೆ ಹೊಸಬರೊಬ್ಬರು ಬಂದು ಕ್ಯಾಪ್ಟನ್ನರ ಕಿಸೆ ನೋಡಿ, "ಅರೇ, ಹಚ್ಚೂದಿಲ್ವಾ?" ಎಂದು ಲೈಟರ್ ತೆಗೆದರು. ಕ್ಯಾಪ್ಟನ್ನು ಬೆನ್ನು ನೆಟ್ಟಗೆ ಮಾಡಿದರು.

"ಇನ್ನೂ ಟೈಮ್ ಆಗಿಲ್ಲ" ಎಂದರು. ಹೇಳಿ, ಸರಿಯಾಯಿತೇ ಎಂದು ದುರ್ಗಪ್ಪನ ಕಡೆ ನೋಡಿದರು. ದುರ್ಗಪ್ಪ ಕಣ್ಣು ಮುಚ್ಚಿ, ಗಂಭೀರವಾಗಿ, ತಲೆಯಾಡಿಸಿದ.